ಮನೆಯಲ್ಲೇ ಸೆರಿಮೋನಿಯಲ್ ಕಕಾವ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಇಲ್ಲ, ಕಕಾವ್. ಕೊಕ್ಕೊ ಬೀಜ ಅರೆದು ಮಾಡುವ ಬಿಸಿ ಪಾನೀಯ ಅದು. ಒಂದು ವಿಧಿಯ ಹಾಗೆ ನಿಧಾನವಾಗಿ, ಗಮನವಿಟ್ಟು ಕುಡಿಯುವುದರಿಂದ ಸೆರಿಮೋನಿಯಲ್ ಅನ್ನುತ್ತಾರೆ. ಬಸವನಗುಡಿಯಲ್ಲಿ ಎರಡನೇ ಮಹಡಿಯ ಮನೆ, ಚಿಕ್ಕ ಅಡುಗೆಮನೆ, ಒಂದೇ ಕಿಟಕಿ. ನಾಲ್ಕು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಬಂದು ರುಚಿ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕಕಾವ್ ಅಂದರೆ ಏನು? ಅಂಗಡಿಯ ಕೋಕೋ ಪೌಡರ್ ಅಲ್ವಾ?

ಗಿಡ ಒಂದೇ. ದಕ್ಷಿಣ ಕನ್ನಡದ ತೋಟದವರು ಅದನ್ನು ಕೊಕ್ಕೊ ಅನ್ನುತ್ತಾರೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಥಿಯೋಬ್ರೊಮಾ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ದೇವತೆಗಳ ಆಹಾರ. ಆದರೆ ಕಕಾವ್ ಅನ್ನುವ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಮಧ್ಯ ಅಮೆರಿಕದ ಮಾಯಾ ಜನ ತಮ್ಮ ಕುಡಿಯುವ ಪಾತ್ರೆಗಳ ಮೇಲೆ ತಮ್ಮದೇ ಲಿಪಿಯಲ್ಲಿ ಈ ಪದ ಬರೆದಿದ್ದಾರೆ.

ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ಕೊಕ್ಕೊ ಬೀಜದ ತಿರುಳಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಬ್ಬು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಆ ಕೊಬ್ಬನ್ನು ಯಂತ್ರದಲ್ಲಿ ಒತ್ತಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪೌಡರ್. ನಾವು ಕುಡಿಯುವ ಕಕಾವ್‌ನಲ್ಲಿ ಏನನ್ನೂ ತೆಗೆದಿಲ್ಲ, ಏನನ್ನೂ ಸೇರಿಸಿಲ್ಲ. ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಇಡೀ ಬೀಜವನ್ನು ಅರೆದ ಮುದ್ದೆ ಅಷ್ಟೇ. ಆರಿದ ಮೇಲೆ ಅದು ಗಟ್ಟಿ ಅಚ್ಚಾಗುತ್ತದೆ.

ಪ್ಯಾಕೆಟ್ ಮೇಲೆ "ಸೆರಿಮೋನಿಯಲ್ ಗ್ರೇಡ್" ಅಂತ ಇದ್ದರೆ ನಂಬಬಹುದಾ?

ಆ ಮಾತಿಗೆ ಕಾನೂನಿನ ಯಾವ ಅಳತೆಗೋಲೂ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಮೊದಲ ವರ್ಷ ನಾನು ಆನ್‌ಲೈನ್‌ನಲ್ಲಿ ದುಬಾರಿ ಬೆಲೆ ಕೊಟ್ಟು ಒಂದು ಪ್ಯಾಕೆಟ್ ತರಿಸಿದೆ. ಚಿನ್ನದ ಬಣ್ಣದ ಅಕ್ಷರ, ಹಿಂದೆ ದೊಡ್ಡ ಕಥೆ. ಒಳಗಿದ್ದದ್ದು ಮಾಮೂಲಿ ಕೋಕೋ ಪೌಡರ್. ಬಿಸಿನೀರಿಗೆ ಹಾಕಿದರೆ ಒಂದು ಹನಿ ಜಿಡ್ಡೂ ಮೇಲೆ ಬರಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲಿಂದ ಪ್ಯಾಕೆಟ್ ತಿರುಗಿಸಿ ಹಿಂಬದಿ ಮಾತ್ರ ಓದುತ್ತೇನೆ. ಪದಾರ್ಥಗಳ ಪಟ್ಟಿಯಲ್ಲಿ ಕೊಕ್ಕೊ ಒಂದೇ ಇರಬೇಕು. ನೂರು ಗ್ರಾಂಗೆ ಕೊಬ್ಬು 50 ಗ್ರಾಂ ಆಸುಪಾಸು ಇರಬೇಕು. 20 ಗ್ರಾಂ ಅಂತಿದ್ದರೆ ಅದು ಪೌಡರ್. ಯಾವ ಊರಿನ ಬೀಜ, ಎಷ್ಟು ದಿನ ಹುದುಗಿಸಿದ್ದು ಅಂತ ಕೇಳಿದರೆ ಮಾರುವವರು ಥಟ್ಟನೆ ಹೇಳಬೇಕು. ಕೇಳಲು ಸಂಕೋಚ ಬೇಡ. ಒಳ್ಳೆಯ ಮಾಲು ಮಾಡುವವರಿಗೆ ಈ ಪ್ರಶ್ನೆ ಖುಷಿಯನ್ನೇ ಕೊಡುತ್ತದೆ.

ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಪೆರು, ಗ್ವಾಟೆಮಾಲಾದಿಂದಲೇ ತರಿಸಬೇಕಾ?

ಬೇಕಿಲ್ಲ. ಬೀಜದಿಂದ ಹಿಡಿದು ಚಾಕೊಲೇಟ್‌ವರೆಗೆ ತಾವೇ ಮಾಡುವ ಚಿಕ್ಕ ತಯಾರಕರು ಈಗ ನಮ್ಮ ಊರಲ್ಲೇ ಇದ್ದಾರೆ. ಸಕ್ಕರೆ ಹಾಕುವ ಮೊದಲಿನ ಮುದ್ದೆ ಕೊಡ್ತೀರಾ ಅಂತ ಕೇಳಿ ನೋಡಿ.

ಕೊಕ್ಕೊ ನಮ್ಮ ರಾಜ್ಯದ್ದೇ ಬೆಳೆ ಅನ್ನುವುದು ಬೆಂಗಳೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಅಡಿಕೆ ಮರಗಳ ನೆರಳಲ್ಲಿ ಇದು ಬೆಳೆಯುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ರೈತರಿಂದ ಹಸಿ ಕೊಕ್ಕೊ, ಒಣ ಕೊಕ್ಕೊ ಎರಡನ್ನೂ ಕೊಳ್ಳುತ್ತದೆ. ಅವರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ 1986ರಿಂದ ಇದೆ.

ನನಗೆ ಬೀಜ ಬರುವುದು ಪುತ್ತೂರಿನ ಹತ್ತಿರದ ಚಿಕ್ಕಪ್ಪನ ತೋಟದಿಂದ. ಅಲ್ಲಿಗೆ ಹೋಗಿ ನೋಡಿದ ಮೇಲೆಯೇ ನನಗೆ ಈ ಪಾನೀಯದ ಬೆಲೆ ಅರ್ಥವಾಯಿತು. ಕಾಯಿ ಕೊಂಬೆ ತುದಿಯಲ್ಲಿ ಬಿಡುವುದಿಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿದ ಬೀಜಗಳ ಗೊಂಚಲು. ಲೋಳೆ ಸಿಹಿ, ಹುಳಿ. ಬೀಜ ಕಚ್ಚಿದರೆ ಬರೀ ಕಹಿ, ಬಾಯಿ ಒಗರು. ಚಾಕೊಲೇಟಿನ ಸುಳಿವೇ ಇಲ್ಲ. ಆ ಬೀಜಗಳನ್ನು ಬುಟ್ಟಿಗೆ ತುಂಬಿ ಬಾಳೆಎಲೆ ಮುಚ್ಚಿ ಐದಾರು ದಿನ ಇಡುತ್ತಾರೆ, ನಡುವೆ ಕೈಯಾಡಿಸಿ ಮಗುಚುತ್ತಾರೆ. ಮೂರನೇ ದಿನ ಚಿಕ್ಕಪ್ಪ ಹೇಳಿದರು, "ಕೈ ಇಟ್ಟು ನೋಡು ಮಗಾ." ರಾಶಿಯ ಒಳಗೆ ಜ್ವರ ಬಂದ ಮಗುವಿನ ಹಣೆಗಿಂತ ಬಿಸಿ. ಹುಳಿ ವಾಸನೆ ಮೂಗಿಗೆ ಅಡರಿತು. ಚಾಕೊಲೇಟಿನ ಘಮ ಹುಟ್ಟುವುದಕ್ಕೆ ಬೇಕಾದದ್ದೆಲ್ಲ ಅಲ್ಲಿ ತಯಾರಾಗುತ್ತದೆ, ಹುರಿದಾಗ ಅದು ಹೊರಗೆ ಬರುತ್ತದೆ. ಸರಿಯಾಗಿ ಹುದುಗಿದ ಬೀಜ ಕತ್ತರಿಸಿದರೆ ಒಳಗೆ ಕಂದು ಬಣ್ಣ. ನೇರಳೆಯಾಗಿಯೇ ಉಳಿದಿದ್ದರೆ ಹುದುಗು ಸಾಲದು.

ಒಣ ಬೀಜ ಸಿಕ್ಕಿದರೆ ಮನೆಯಲ್ಲೇ ಮುದ್ದೆ ಮಾಡಬಹುದಾ?

ಖಂಡಿತ. ಒಂದು ಭಾನುವಾರ ಪೂರ್ತಿ ಬೇಕು, ಅಷ್ಟೇ.

ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈ ಬಿಡದೆ ಹುರಿಯಿರಿ. ಒಂದೊಂದೇ ಬೀಜ ಚಟ್ ಚಟ್ ಅಂತ ಸಿಡಿಯುತ್ತದೆ, ಹುಳಿ ವಾಸನೆ ಹೋಗಿ ಕೇಕ್ ಬೇಯುವ ವಾಸನೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಹಸಿ ಬೀಜವೇ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹುದುಗುವ ರಾಶಿಯಲ್ಲಿ, ಒಣಗುವ ಅಂಗಳದಲ್ಲಿ ಬೀಜಕ್ಕೆ ಸೂಕ್ಷ್ಮಜೀವಿಗಳು ಅಂಟಿಕೊಂಡಿರುತ್ತವೆ. ಹುರಿದಾಗಲೇ ಅವು ಸಾಯುವುದು.

ಆರಿದ ಮೇಲೆ ಲಟ್ಟಣಿಗೆಯಿಂದ ಒಡೆದು ಮೊರದಲ್ಲಿ ಕೇರಿ. ಸಿಪ್ಪೆ ಹಾರಿಹೋಗಿ ನುಚ್ಚು ಉಳಿಯುತ್ತದೆ. ಬಾಲ್ಕನಿಯಲ್ಲಿ ಮಾಡಿ, ಆದರೆ ಕೆಳಗಿನ ಮನೆಯವರ ಬಟ್ಟೆ ಒಣಗುತ್ತಿದೆಯಾ ನೋಡಿಕೊಳ್ಳಿ. ಒಂದು ಕೆಜಿ ಬೀಜಕ್ಕೆ ಸುಮಾರು ಮುಕ್ಕಾಲು ಕೆಜಿ ನುಚ್ಚು ಸಿಗುತ್ತದೆ.

ಆಮೇಲೆ ಮಿಕ್ಸಿ. ಜಾರ್ ಪೂರ್ತಿ ಒಣಗಿರಬೇಕು. ಒಂದು ಹನಿ ನೀರಿದ್ದರೂ ಮುದ್ದೆ ಗಂಟುಕಟ್ಟಿ ಕೆಡುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ಪುಡಿ, ಆಮೇಲೆ ಉಂಡೆ, ಆಮೇಲೆ ಎಳ್ಳು ಅರೆದಾಗ ಎಣ್ಣೆ ಬಿಡುವ ಹಾಗೆ ಹೊಳೆದು ಹರಿಯಲು ಶುರುವಾಗುತ್ತದೆ. ಸ್ಟೀಲ್ ತಟ್ಟೆಗೆ ಸುರಿದು ಆರಲು ಬಿಡಿ. ಸ್ವಲ್ಪ ತರಿತರಿ ಉಳಿಯುತ್ತದೆ, ಪರವಾಗಿಲ್ಲ. ಮೆಕ್ಸಿಕೊ, ಗ್ವಾಟೆಮಾಲಾದಲ್ಲಿ ಇದನ್ನು ಮೆಟಾಟೆ ಅನ್ನುವ ಅರೆಯುವ ಕಲ್ಲಿನ ಮೇಲೆ ಮಾಡುತ್ತಿದ್ದರು. ಮುದ್ದೆ ಹರಿಯಲಿ ಅಂತ ಕಲ್ಲಿನ ಕೆಳಗೆ ಕೆಂಡ ಇಡುತ್ತಿದ್ದರು. ಇವತ್ತು ಜಗತ್ತಿನ ಎಷ್ಟೋ ಚಿಕ್ಕ ಚಾಕೊಲೇಟ್ ತಯಾರಕರು ಬಳಸುವ ಕಲ್ಲಿನ ಗ್ರೈಂಡರ್ ನಮ್ಮ ದೋಸೆ ಹಿಟ್ಟಿನ ಗ್ರೈಂಡರಿನಿಂದ ಬಂದದ್ದು.

ಸರಿ, ಪಾನೀಯ ಮಾಡುವುದು ಹೇಗೆ? ಅಳತೆ ಹೇಳಿ.

ಒಬ್ಬರಿಗೆ 25 ಗ್ರಾಂ ಮುದ್ದೆ, 150 ಮಿಲಿ ನೀರು. ಮೊದಲ ಸಲ ಕುಡಿಯುವವರು 15 ಗ್ರಾಂನಿಂದ ಶುರು ಮಾಡಿ. ಕೆಲವರು 40 ಗ್ರಾಂ ಅನ್ನುತ್ತಾರೆ. ನನ್ನ ಪ್ರಕಾರ ಅದು ಜಾಸ್ತಿಯಾಯಿತು, ಹೊಟ್ಟೆ ತೊಳೆಸುತ್ತದೆ.

ಚಾಕುವಿನಿಂದ ಮುದ್ದೆಯನ್ನು ತೆಳ್ಳಗೆ ಹೆರೆಯಿರಿ. ಈ ಕೆಲಸಕ್ಕೆ ಐದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಸುಮ್ನೆ ದೊಡ್ಡ ತುಂಡನ್ನೇ ನೀರಿಗೆ ಹಾಕಿ ಮೊಬೈಲ್ ನೋಡುತ್ತಾ ನಿಂತರೆ ಅದೂ ಕರಗುತ್ತದೆ, ಆದರೆ ಆಗ ಇದು ಇನ್ನೊಂದು ಬಿಸಿ ಪಾನೀಯ ಅಷ್ಟೇ. ಹೆರೆಯುವಾಗ ಸುರುಳಿ ಸುರುಳಿಯಾಗಿ ಬೀಳುವ ಚೂರು ಬೆರಳ ಬಿಸಿಗೇ ಮೆತ್ತಗಾಗುತ್ತದೆ, ವಾಸನೆ ಏಳುತ್ತದೆ. ನನ್ನ ಮಟ್ಟಿಗೆ ವಿಧಿ ಶುರುವಾಗುವುದು ಅಲ್ಲಿಂದ, ಲೋಟ ಹಿಡಿದು ಕೂತ ಮೇಲಲ್ಲ.

ನೀರು ಕಾಯಿಸಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣಿಸಿದಾಗ ಒಲೆ ಆರಿಸಿ, ಕುದಿ ಬೇಡ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ರುಚಿ ಮಂಕಾಗುತ್ತದೆ, ಫಿಲ್ಟರ್ ನೀರು ಒಳ್ಳೆಯದು. ಹೆರೆದ ಮುದ್ದೆಗೆ ಮೊದಲು ಮೂರು ನಾಲ್ಕು ಚಮಚ ಬಿಸಿನೀರು ಮಾತ್ರ ಹಾಕಿ ಕಲಸಿ. ಗೊಜ್ಜಿನ ಹಾಗೆ ಗಟ್ಟಿಯಾಗುತ್ತದೆ, ಕೆಟ್ಟಿತು ಅಂತ ಗಾಬರಿಯಾಗಬೇಡಿ. ಗಂಟೆಲ್ಲ ಒಡೆದ ಮೇಲೆ ಉಳಿದ ನೀರು ಸೇರಿಸಿ.

ಈಗ ನೊರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಒಂದು ಮಾಯಾ ಪಾತ್ರೆ ಇದೆ. ಅದರ ಮೇಲಿನ ಚಿತ್ರದಲ್ಲಿ ಒಬ್ಬ ಹೆಂಗಸು ನಿಂತುಕೊಂಡು, ಕೈಯಲ್ಲಿರುವ ಪಾತ್ರೆಯಿಂದ ನೆಲದ ಮೇಲಿನ ಪಾತ್ರೆಗೆ ಪಾನೀಯವನ್ನು ಎತ್ತರದಿಂದ ಸುರಿಯುತ್ತಿದ್ದಾಳೆ. ಕಕಾವ್‌ಗೆ ನೊರೆ ಬರಿಸುವ ರೀತಿ ಅದು. ಅದರ ಫೋಟೋ ಮೊದಲ ಸಲ ನೋಡಿದಾಗ ನನಗೆ ನಮ್ಮ ಅಜ್ಜಿ ನೆನಪಾದರು. ಲೋಟ ಮೇಲೆ, ಡವರಾ ಕೆಳಗೆ, ನಡುವೆ ಒಂದು ಮೊಳ ಕಾಫಿ. ಈ ಕೆಲಸವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಕೈಗೆ ಗೊತ್ತು. ಎರಡು ಸ್ಟೀಲ್ ಲೋಟ ತೆಗೆದುಕೊಂಡು ಎಂಟು ಹತ್ತು ಸಲ ಎತ್ತಿ ಹೊಯ್ಯಿರಿ. ಮೊದಲ ಎರಡು ಸಲ ಧಾರೆ ನೀರಿನಂತೆ ಬೀಳುತ್ತದೆ, ಸದ್ದು ತೆಳು. ಐದಾರನೇ ಸಲಕ್ಕೆ ಸದ್ದು ಮಂದವಾಗುತ್ತದೆ, ಮೇಲೆ ತಿಳಿ ಕಂದು ನೊರೆ ಕಟ್ಟುತ್ತದೆ. ತೇಲುತ್ತಿದ್ದ ಜಿಡ್ಡಿನ ಕಣ್ಣುಗಳು ನೀರಿನೊಳಗೆ ಬೆರೆತುಹೋಗಿವೆ ಅಂತ ಅರ್ಥ.

ಹೊಯ್ಯಲು ಭಯವಾದರೆ ಕಡಗೋಲು ಬಳಸಿ. ಮೆಕ್ಸಿಕೊದಲ್ಲಿ ಸ್ಪೇನಿನವರು ಬಂದ ಮೇಲೆ ರೂಢಿಗೆ ಬಂದ ಮೊಲಿನಿಯೊ ಅನ್ನುವ ಮರದ ಕೋಲು ಹೆಚ್ಚುಕಡಿಮೆ ನಮ್ಮ ಕಡಗೋಲೇ. ಎರಡು ಅಂಗೈ ನಡುವೆ ಇಟ್ಟು ಮಸೆಯುವ ರೀತಿಯೂ ಅದೇ. ಗಾಂಧಿಬಜಾರಿನಲ್ಲಿ ನನಗೆ ಒಂದು ಪುಟ್ಟ ಕಡಗೋಲು ಸಿಕ್ಕಿತು, ಲೋಟದೊಳಗೆ ಸರಿಯಾಗಿ ಇಳಿಯುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಮಾತ್ರ ಬೇಡ. ಕಕಾವ್‌ನಲ್ಲಿ ಹುಳಿ ಇದೆ.

ಹಾಲು ಹಾಕಬಹುದಾ?

ಹಾಕಬಹುದು, ಆದರೆ ಅದು ಬೇರೆ ಪಾನೀಯ. ಹಾಲು ಬೀಜದ ರುಚಿಯನ್ನು ಮುಚ್ಚಿಬಿಡುತ್ತದೆ. ಮೊದಲ ಒಂದೆರಡು ವಾರ ನೀರಿನಲ್ಲೇ ಕುಡಿದು ನೋಡಿ.

ಇಷ್ಟು ಕಹಿ! ಸಿಹಿ, ಮಸಾಲೆ ಏನು ಹಾಕಲಿ?

ಮಾಯಾ ಜನರಿಗೆ ಕಬ್ಬು ಗೊತ್ತಿರಲಿಲ್ಲ. ಅವರ ಹತ್ತಿರ ಜೇನು, ವೆನಿಲ್ಲಾ, ಮೆಣಸಿನಕಾಯಿ ಇತ್ತು. ಹಾಗಾಗಿ ಖಾರ ಹಾಕುವುದು ಹೊಸ ಪ್ರಯೋಗವೇನಲ್ಲ, ಹಳೆಯದೇ. ನಾನು ಅರ್ಧ ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು, ನೀರು ಕಾಯುವಾಗಲೇ ಹಾಕಿ, ಆಮೇಲೆ ತೆಗೆದುಬಿಡುತ್ತೇನೆ. ಅದರಲ್ಲಿ ಖಾರಕ್ಕಿಂತ ಬಣ್ಣ, ಘಮ ಜಾಸ್ತಿ. ಮೆಣಸಿನಕಾಯಿಯೂ ಕೊಕ್ಕೊದ ಹಾಗೆ ಅಮೆರಿಕದಿಂದಲೇ ಬಂದು ನಮ್ಮದಾದದ್ದು ಅಲ್ವಾ. ಒಂದು ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪು ಕಹಿಯನ್ನು ಚೆನ್ನಾಗಿ ತಗ್ಗಿಸುತ್ತದೆ. ಸಿಹಿ ಬೇಕೇ ಬೇಕು ಅಂದರೆ ಒಂದು ಚಮಚ ಜೋನಿಬೆಲ್ಲ. ನಾಲ್ಕೈದು ಮಸಾಲೆ ಒಟ್ಟಿಗೆ ಹಾಕಬೇಡಿ, ಆಮೇಲೆ ಕಷಾಯಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕುಡಿಯುವಾಗ ಏನಾದರೂ ಮಂತ್ರ, ಸಂಕಲ್ಪ ಇದೆಯಾ?

ನನ್ನ ಹತ್ತಿರ ಇಲ್ಲ. ಮೊಬೈಲ್ ಬೇರೆ ಕೋಣೆಯಲ್ಲಿ ಇಡುತ್ತೇನೆ. ಕಿಟಕಿ ಪಕ್ಕ ಚಾಪೆ ಹಾಸಿ ಕೂರುತ್ತೇನೆ. ಆರೂವರೆಗೆ ರಸ್ತೆಯಲ್ಲಿ ಇನ್ನೂ ಹಾರ್ನ್ ಇರುವುದಿಲ್ಲ. ಸೊಪ್ಪಿನವರ ಕೂಗು, ಎದುರು ಮನೆಯ ಅಂಗಳಕ್ಕೆ ನೀರು ಹಾಕುವ ಸದ್ದು ಕೇಳುತ್ತದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಬರೀ ವಾಸನೆ. ಮೊದಲ ಗುಟುಕನ್ನು ನುಂಗದೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಳ್ಳಿ. ಕಹಿ ಮೊದಲು ಬರುತ್ತದೆ. ಆಮೇಲೆ ಕೊಬ್ಬು ನಾಲಿಗೆಯನ್ನೆಲ್ಲ ಸವರುತ್ತದೆ. ಕೊನೆಗೆ ಎಲ್ಲೋ ಹಿಂದೆ, ಹಣ್ಣಿನ ಹುಳಿ. ಪುತ್ತೂರಿನ ಬುಟ್ಟಿಯಲ್ಲಿ ಮೂಗಿಗೆ ಬಡಿದ ಅದೇ ಹುಳಿ ಅದು.

ಮನಸ್ಸು ಆಫೀಸಿಗೆ ಓಡಿದರೆ ಓಡಲಿ, ಮುಂದಿನ ಗುಟುಕಿಗೆ ವಾಪಸ್ ಕರೆಯಿರಿ. ದೊಡ್ಡ ಸಂಕಲ್ಪ ಹೊತ್ತು ಕೂತರೆ ರುಚಿಯ ಕಡೆ ಗಮನವೇ ಇರುವುದಿಲ್ಲ, ಇದು ನನ್ನ ಅನುಭವ. ಇಬ್ಬರು ಮೂವರಿದ್ದರೆ ಒಬ್ಬರು ಮಾಡಿ, ಉಳಿದವರಿಗೆ ಬಗ್ಗಿಸಿ, ತಾವು ಕೊನೆಗೆ ಹಾಕಿಕೊಳ್ಳಲಿ. ಮುಗಿಯುವವರೆಗೆ ಮಾತು ಬೇಡ.

ಇದನ್ನು ಮಾಯಾ ವಿಧಿ ಅಂತ ಕರೆಯಬಹುದಾ?

ಬೇಡ ಅಂತ ನನ್ನ ಕಳಕಳಿಯ ಮನವಿ. ಮಾಯಾ ಜನರಲ್ಲಿ, ಮೆಕ್ಸಿಕೊದ ಅಜ್ಟೆಕ್ ಜನರಲ್ಲಿ ಕಕಾವ್ ಮದುವೆಯಲ್ಲಿತ್ತು, ಔತಣದಲ್ಲಿತ್ತು, ದೇವರ ನೈವೇದ್ಯದಲ್ಲಿತ್ತು. ಬೀಜವೇ ಚಿಲ್ಲರೆ ಹಣವಾಗಿತ್ತು. ಗಿಡವಂತೂ ಅವರಿಗಿಂತಲೂ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಈಕ್ವೆಡಾರ್‌ನಲ್ಲಿ ಸುಮಾರು 5,300 ವರ್ಷ ಹಿಂದಿನ ಪಾತ್ರೆಗಳಲ್ಲಿ ಕೊಕ್ಕೊದ ಅಂಶ ಸಿಕ್ಕಿದೆ. ಮಾಯಾ ಜನ ಇವತ್ತಿಗೂ ಗ್ವಾಟೆಮಾಲಾ, ಮೆಕ್ಸಿಕೊದಲ್ಲಿ ಬದುಕಿದ್ದಾರೆ, ಅವರ ಭಾಷೆ, ಪ್ರಾರ್ಥನೆ ಅವರದ್ದು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಈಗ ನಡೆಯುವ, ಗುಂಪಾಗಿ ಕೂತು ಕುಡಿದು ಸಂಗೀತ ಕೇಳುವ ಪದ್ಧತಿ ಇತ್ತೀಚಿನದು. ಅದರಲ್ಲಿ ತಪ್ಪೇನಿಲ್ಲ. ಆದರೆ ಸಾವಿರಾರು ವರ್ಷದ ವಿಧಿಯನ್ನೇ ಮಾಡುತ್ತಿದ್ದೇವೆ ಅನ್ನುವುದು ಸುಳ್ಳಾಗುತ್ತದೆ. ನಮ್ಮ ದೀಪ, ನಮ್ಮ ಚಾಪೆ, ನಮ್ಮ ಲೋಟ ಸಾಕು. ಬೀಜ ಎಲ್ಲಿಂದ ಬಂತು, ಯಾರು ಬೆಳೆದರು ಅನ್ನುವುದನ್ನು ನೆನೆಸಿಕೊಳ್ಳಿ.

ಕುಡಿದರೆ ನಶೆ ಏರುತ್ತದಾ?

ಇಲ್ಲ. ಇದರಲ್ಲಿ ಥಿಯೋಬ್ರೊಮಿನ್ ಅನ್ನುವ ಅಂಶವಿದೆ. ಅದು ಕೆಫೀನಿನ ಸಂಬಂಧಿ, ಆದರೆ ಮೆಲ್ಲಗೆ ಕೆಲಸ ಮಾಡುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. 25 ಗ್ರಾಂ ಮುದ್ದೆಯಲ್ಲಿ ಸುಮಾರು 250ರಿಂದ 300 ಮಿಲಿಗ್ರಾಂ ಇರುತ್ತದೆ, ಜೊತೆಗೆ ಸ್ವಲ್ಪ ಕೆಫೀನ್. ಮೈ ಬೆಚ್ಚಗಾಗುತ್ತದೆ, ಕಣ್ಣು ಚುರುಕಾಗುತ್ತದೆ. ಅಷ್ಟೇ.

ಯಾರು ಕುಡಿಯಬಾರದು?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೃದಯದ ಬಡಿತದಲ್ಲಿ ಏರುಪೇರು ಇರುವವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಎಂಎಒಐ ಗುಂಪಿನ ಮಾತ್ರೆಯವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲು ಡಾಕ್ಟರನ್ನು ಕೇಳಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರೂ ಕೇಳಬೇಕು, ಕೊಕ್ಕೊದಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತಿನ್ನುವವರು ಅದರ ಜೊತೆಗೇ ಕುಡಿಯಬೇಡಿ, ಮೈ ಕಬ್ಬಿಣ ಹೀರಿಕೊಳ್ಳುವುದನ್ನು ಇದು ತಡೆಯುತ್ತದೆ. ಮೈಗ್ರೇನ್, ಎದೆಯುರಿ ಇರುವವರಿಗೂ ಕೆಲವೊಮ್ಮೆ ಆಗಿಬರುವುದಿಲ್ಲ.

ನಾಯಿ ಸಾಕಿದವರು ಗಮನಿಸಿ. ಥಿಯೋಬ್ರೊಮಿನ್ ನಾಯಿಗೆ ವಿಷ. ಮುದ್ದೆ ಅಷ್ಟೇ ಅಲ್ಲ, ಹೂಕುಂಡಕ್ಕೆ ಹಾಕಿದ ಸಿಪ್ಪೆಯೂ ಅಪಾಯ. ತಿಂದರೆ ಕಾಯುತ್ತಾ ಕೂರದೆ ತಕ್ಷಣ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ದಿನಾ ಕುಡಿಯಬಹುದಾ? ಯಾವ ಹೊತ್ತಿಗೆ?

ವಾರಕ್ಕೆ ಒಂದೆರಡು ಸಲ ಸಾಕು ಅಂತ ನನ್ನ ಅಭಿಪ್ರಾಯ. ಒಂದು ಲೋಟದಲ್ಲಿ 13 ಗ್ರಾಂನಷ್ಟು ಕೊಬ್ಬು ಇರುತ್ತದೆ, ದಿನಾ ಮಾಡಿದರೆ ಅಭ್ಯಾಸವಾಗಿ ಗಮನವೂ ತಪ್ಪುತ್ತದೆ. ಬೆಳಿಗ್ಗೆಯೇ ಸರಿ. ಸಂಜೆ ನಾಲ್ಕರ ಮೇಲೆ ಕುಡಿದರೆ ಕೆಲವರಿಗೆ ನಿದ್ದೆ ಬರುವುದಿಲ್ಲ. ಆ ದಿನ ಬೆಳಿಗ್ಗೆ ಕಾಫಿ ಬಿಡಿ.

ಉಪವಾಸದ ದಿನ ನಡೆಯುತ್ತದಾ?

ಅದು ನಿಮ್ಮ ಮನೆಯ ಪದ್ಧತಿಗೆ ಬಿಟ್ಟದ್ದು. ಹಿರಿಯರನ್ನು ಕೇಳಿ. ಬರೀ ಹೊಟ್ಟೆಗೆ ಆಗದವರು ಮೊದಲು ಒಂದು ಬಾಳೆಹಣ್ಣು ತಿನ್ನಿ.

ತಿಂಡಿಯ ಬದಲು ಆಗುವ ಹಾಗೆ ಗಟ್ಟಿಯಾಗಿ ಮಾಡಬಹುದಾ?

ಮೆಕ್ಸಿಕೊದಲ್ಲಿ ಮುಸುಕಿನ ಜೋಳದ ಹಿಟ್ಟಿನ ಜೊತೆ ಕಕಾವ್ ಕಾಯಿಸಿ ಗಂಜಿಯಂತೆ ಕುಡಿಯುತ್ತಾರೆ. ನಾನು ಅದೇ ದಾರಿಯಲ್ಲಿ ರಾಗಿ ಹಾಕುತ್ತೇನೆ. ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಒಂದು ಲೋಟ ನೀರಲ್ಲಿ ಐದು ನಿಮಿಷ ಬೇಯಿಸಿ, ಇಳಿಸಿದ ಮೇಲೆ 15 ಗ್ರಾಂ ಹೆರೆದ ಮುದ್ದೆ ಸೇರಿಸಿ ಕಡೆಯಿರಿ. ರಾಗಿಯ ಮಣ್ಣಿನ ಘಮಕ್ಕೂ ಕೊಕ್ಕೊಗೂ ಬಹಳ ಹೊಂದಿಕೆ.

ಮುದ್ದೆಯ ಮೇಲೆ ಬಿಳಿ ಪದರ ಬಂದಿದೆ. ಬೂಷ್ಟಾ?

ಬಹುಮಟ್ಟಿಗೆ ಅಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಡಬ್ಬಿಯೊಳಗೆ ಕೊಬ್ಬು ಮೆತ್ತಗಾಗಿ ಮೇಲೆ ಬಂದು ಮತ್ತೆ ಗಟ್ಟಿಯಾಗುತ್ತದೆ. ಬೆರಳಿನಿಂದ ಉಜ್ಜಿದರೆ ಕರಗಿಹೋದರೆ ಅದು ಕೊಬ್ಬು, ಧಾರಾಳವಾಗಿ ಬಳಸಿ. ನವಿರಾದ ಎಳೆಗಳಿದ್ದು ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಫ್ರಿಜ್‌ನಲ್ಲಿ ಇಡಬೇಡಿ, ತೇವವನ್ನೂ ಹುಳಿಹಿಟ್ಟಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಒಲೆಯಿಂದ ದೂರ, ಕೆಳಗಿನ ಕಪಾಟಿನಲ್ಲಿ ಸ್ಟೀಲ್ ಡಬ್ಬಿ ಸಾಕು.

ಪಾತ್ರೆ ಎಷ್ಟು ತೊಳೆದರೂ ಜಿಡ್ಡು ಹೋಗುವುದಿಲ್ಲ. ಏನು ಮಾಡಲಿ?

ತಣ್ಣೀರು ಹಾಕಿದ್ದೇ ತಪ್ಪು. ಕೊಬ್ಬು ಅಲ್ಲೇ ಹೆಪ್ಪುಗಟ್ಟುತ್ತದೆ, ಸಿಂಕಿನ ಪೈಪಿನಲ್ಲೂ ಕೂರುತ್ತದೆ. ಮೊದಲು ಹಳೆಯ ಕಾಗದದಿಂದ ಒರೆಸಿ, ಆಮೇಲೆ ಬಿಸಿನೀರು, ಸೀಗೆಪುಡಿ ಅಥವಾ ಸೋಪು. ಕಡಗೋಲಿನ ಹಲ್ಲುಗಳ ಸಂದಿಗೆ ಒಂದು ಗಟ್ಟಿ ಬ್ರಷ್ ಇಟ್ಟುಕೊಳ್ಳಿ. ತೊಳೆದು ತಲೆಕೆಳಗಾಗಿ ಬಿಸಿಲಿಗೆ ನಿಲ್ಲಿಸಿ. ಮಜ್ಜಿಗೆಗೆ ಬೇರೆಯದೇ ಕಡಗೋಲು ಇರಲಿ. ಎಷ್ಟು ತೊಳೆದರೂ ಕಕಾವ್ ಕಡೆದ ಮರದಲ್ಲಿ ಆ ವಾಸನೆ ಉಳಿದೇ ಉಳಿಯುತ್ತದೆ.